ಕೋಟೆಯ ಹೆಸರು, ಕಾಲ, ಕಟ್ಟಿದವರು: ಪರಿಶೀಲಿಸುವುದು ಹೇಗೆ?

ನಮ್ಮೂರ ಕೋಟೆಯ ನಿಜವಾದ ಹೆಸರೇನು, ಅದನ್ನು ಕಟ್ಟಿಸಿದವರು ಯಾರು, ಯಾವ ಇಸವಿಯಲ್ಲಿ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಊರಹಬ್ಬದ ಸ್ಮರಣ ಸಂಚಿಕೆ ಮಾಡುವವರು, ಶಾಲೆಯ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು, ಚಾರಣದ ತಂಡಗಳು, ವಿಕಿಪೀಡಿಯದಲ್ಲಿ ಬರೆಯುವವರು ಎಲ್ಲರ ತೊಂದರೆಯೂ ಒಂದೇ. ಬಾಗಿಲ ಬಳಿಯ ಫಲಕ ಒಂದು ಹೇಳುತ್ತದೆ, ಜಾಲತಾಣ ಇನ್ನೊಂದು ಹೇಳುತ್ತದೆ, ಊರಿನ ಹಿರಿಯರು ಮೂರನೆಯದನ್ನು ಹೇಳುತ್ತಾರೆ. ಒಬ್ಬೊಬ್ಬರಿಗೂ ಉತ್ತರ ಬರೆಯುವ ಬದಲು ಪರಿಶೀಲನೆಯ ದಾರಿಯನ್ನೇ ಇಲ್ಲಿ ಹಂತಹಂತವಾಗಿ ಕೊಡುತ್ತಿದ್ದೇನೆ. ಉದಾಹರಣೆಗಳು ಕರ್ನಾಟಕದ ಕೋಟೆಗಳವು.

ಮೊದಲೇ ಒಂದು ಮಾತು. ‘ಈ ಕೋಟೆ ಯಾರದ್ದು?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರವೇ ಇಲ್ಲ. ಬೆಂಗಳೂರಿನ ಕೋಟೆಯನ್ನೇ ನೋಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರ್ ಅಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಲು ತೊಡಗಿದ. 1791ರ ಮಾರ್ಚ್ 21ರಂದು ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸ್‌ನ ಸೇನೆ ಹಿಡಿದದ್ದು ಈ ಎರಡನೆಯದನ್ನು. ಪೇಟೆಗೆ ಬೇರೆಯದೇ ಸುತ್ತುಗೋಡೆ ಇತ್ತು, ಅದು ಎರಡು ವಾರ ಮೊದಲೇ ಬಿದ್ದಿತ್ತು. ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಉಳಿದಿರುವುದು ಡೆಲ್ಲಿ ಗೇಟ್ ಮತ್ತು ಅದರ ಅಕ್ಕಪಕ್ಕದ ಸ್ವಲ್ಪ ಭಾಗ. ‘ಬೆಂಗಳೂರು ಕೋಟೆ ಯಾರು ಕಟ್ಟಿದ್ದು?’ ಎಂದರೆ ಯಾವುದನ್ನು ಕುರಿತು ಹೇಳಬೇಕು? ಆದ್ದರಿಂದ ಪ್ರಶ್ನೆಯನ್ನು ಬಿಡಿಬಿಡಿಯಾಗಿಸಿ. ಜಾಗ ಯಾವುದು, ಹೆಸರು ಯಾವ ಕಾಲದ್ದು, ಯಾವ ಸುತ್ತಿನ ಗೋಡೆ ಯಾರ ಕಾಲದ್ದು, ಯಾವ ಘಟನೆ ಎಲ್ಲಿ ನಡೆಯಿತು ಎಂದು ಬೇರೆ ಬೇರೆಯಾಗಿ ಕೇಳಿ. ಒಂದೊಂದಕ್ಕೂ ಬೇರೆ ಆಧಾರ ಬೇಕು.

ಬೇಕಾಗುವ ಸಾಮಗ್ರಿ

ಮೊಬೈಲ್, ಅದರಲ್ಲಿ ‘ದಿಶಾಂಕ್’ ಆ್ಯಪ್. ನೀವು ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ, ತಾಲ್ಲೂಕುಗಳನ್ನು ತೋರಿಸುವ ರಾಜ್ಯ ಸರ್ಕಾರದ ಆ್ಯಪ್ ಇದು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆ, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಆ ಸಂಸ್ಥೆಯ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಇದನ್ನು ಇಳಿಸಿಕೊಳ್ಳಬಹುದು. ನಿಮ್ಮ ಜಿಲ್ಲೆಯ ಹಳೆಯ ಮತ್ತು ಹೊಸ ಗ್ಯಾಸೆಟಿಯರ್‌ಗಳು, ಅಂದರೆ ಜಿಲ್ಲೆಯ ಬಗ್ಗೆ ಸರ್ಕಾರ ತಂದ ಮಾಹಿತಿ ಗ್ರಂಥಗಳು. ನಿಮ್ಮ ತಾಲ್ಲೂಕಿನ ಶಾಸನಗಳಿರುವ ಸಂಪುಟ. ಒಂದು ನೋಟ್ ಪುಸ್ತಕ. ಇಷ್ಟರಲ್ಲೇ ಬಹುತೇಕ ಕೆಲಸ ಮುಗಿಯುತ್ತದೆ. ಡ್ರೋನ್ ಬೇಡ, ಸಂರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು, ಕೋಟೆಯ ಹೆಸರನ್ನಂತೂ ಅದು ಹೇಳುವುದಿಲ್ಲ.

ಹಂತ 1: ಮೊದಲು ಜಾಗ, ಆಮೇಲೆ ಹೆಸರು

ಕೋಟೆಯ ಮುಖ್ಯ ಬಾಗಿಲಲ್ಲಿ ನಿಂತು ಅಕ್ಷಾಂಶ ರೇಖಾಂಶಗಳನ್ನು ಗುರುತು ಹಾಕಿಕೊಳ್ಳಿ. ದಿಶಾಂಕ್‌ನಲ್ಲಿ ಗ್ರಾಮದ ಹೆಸರು, ಸರ್ವೆ ನಂಬರ್ ನೋಡಿ. ಕೋಟೆಗೆ ಜನ ಕರೆಯುವ ಹೆಸರು ಒಂದು, ಅದು ಇರುವ ಕಂದಾಯ ಗ್ರಾಮದ ಹೆಸರು ಇನ್ನೊಂದು ಆಗಿರುವುದು ಸಾಮಾನ್ಯ. ಎರಡನ್ನೂ ಬರೆದುಕೊಳ್ಳಿ.

ಕಂದಾಯ ದಾಖಲೆಯಲ್ಲಿ ‘ಬೇಚಿರಾಕ್’ ಎಂಬ ಪದ ಕಂಡರೆ ಬಿಡಬೇಡಿ. ಜನವಸತಿ ಇಲ್ಲದ, ಆದರೆ ದಾಖಲೆಯಲ್ಲಿ ಹೆಸರು ಮತ್ತು ಗಡಿ ಉಳಿಸಿಕೊಂಡಿರುವ ಗ್ರಾಮ ಅದು. ಕೋಟೆಯ ಬುಡದ ಹಳೆಯ ಊರು ಪಾಳು ಬಿದ್ದು ಜನ ಬೇರೆಡೆಗೆ ಹೋಗಿದ್ದರೆ, ಹಳೆಯ ಹೆಸರು ಉಳಿದಿರುವುದು ಈ ಬೇಚಿರಾಕ್ ಪಟ್ಟಿಯಲ್ಲಿ ಮಾತ್ರವೇ ಆಗಿರಬಹುದು. ಭೂದಾಖಲೆ ಇಲಾಖೆಯ ಗ್ರಾಮನಕ್ಷೆಗಳಲ್ಲಿ ಇದನ್ನು ನೋಡಬಹುದು.

ಇಲ್ಲಿ ಹಲವರು ಎಡವುವುದು ಜಿಲ್ಲೆಯ ವಿಷಯದಲ್ಲಿ. ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕಿನಲ್ಲಿದೆ. ಆ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ದುರ್ಗ ಅಲುಗಲಿಲ್ಲ, ವಿಳಾಸ ಮಾತ್ರ ಅಲೆಯಿತು. ಹಾಗಾಗಿ ‘ದಾವಣಗೆರೆ ಜಿಲ್ಲೆಯ ಉಚ್ಚಂಗಿದುರ್ಗ’ ಎಂದು 2005ರ ಲೇಖನದಲ್ಲಿ ಇದ್ದರೆ ಅದು ತಪ್ಪಲ್ಲ, ಆ ಕಾಲಕ್ಕೆ ಸರಿ. ನಿಮ್ಮ ಬರಹದಲ್ಲಿ ಇಂದಿನ ಜಿಲ್ಲೆಯನ್ನು ಬರೆಯಿರಿ, ಹುಡುಕುವಾಗ ಹಳೆಯ ಜಿಲ್ಲೆಗಳ ಹೆಸರಿನಲ್ಲೂ ಹುಡುಕಿ. ಕೊಪ್ಪಳದ ಕೋಟೆಗಳನ್ನು ರಾಯಚೂರಿನಲ್ಲಿ, ಗದಗ ಮತ್ತು ಹಾವೇರಿಯವನ್ನು ಧಾರವಾಡದಲ್ಲಿ, ಬಾಗಲಕೋಟೆಯವನ್ನು ಬಿಜಾಪುರದಲ್ಲಿ, ಯಾದಗಿರಿಯವನ್ನು ಗುಲ್ಬರ್ಗದಲ್ಲಿ ನೋಡಬೇಕು.

ಹಂತ 2: ಕಾಗದ ಎಲ್ಲಿದೆ ಎಂದು ಗುರುತಿಸಿ

1956ಕ್ಕೆ ಮೊದಲು ಇಂದಿನ ಕರ್ನಾಟಕ ಒಂದೇ ಆಡಳಿತದಲ್ಲಿ ಇರಲಿಲ್ಲ. ಚಿತ್ರದುರ್ಗ, ಶಿವಮೊಗ್ಗ, ತುಮಕೂರು, ಹಾಸನ, ಕೋಲಾರ ಮೈಸೂರು ಸಂಸ್ಥಾನದಲ್ಲಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿಯಲ್ಲಿದ್ದವು. ಬೀದರ್, ಗುಲ್ಬರ್ಗ, ರಾಯಚೂರು ಹೈದರಾಬಾದಿನಲ್ಲಿ, ದಕ್ಷಿಣ ಕನ್ನಡ ಮದರಾಸಿನಲ್ಲಿ ಇದ್ದವು. ಕೊಡಗು ಪ್ರತ್ಯೇಕ. ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಬಂದದ್ದು 1953ರಲ್ಲಿ. ಉತ್ತರ ಕನ್ನಡದ್ದು ಇನ್ನೂ ಗೋಜಲು: 1862ರವರೆಗೆ ಮದರಾಸು, ಆಮೇಲೆ ಮುಂಬಯಿ. ಮಿರ್ಜಾನ್ ಕೋಟೆಯ 1850ರ ಕಾಗದ ಹುಡುಕುವವರು ಮುಂಬಯಿ ಕಡತಗಳಲ್ಲಿ ಎಷ್ಟು ತಡಕಿದರೂ ಸಿಗದಿರುವುದಕ್ಕೆ ಇದೇ ಕಾರಣ. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರುಗಳಂತಹ ಸಣ್ಣ ಸಂಸ್ಥಾನಗಳೂ ನಡುವೆ ಇದ್ದವು ಎಂಬುದು ನೆನಪಿರಲಿ.

ಶಾಸನಗಳಿಗೂ ಇದೇ ಲೆಕ್ಕ. ಹಳೆಯ ಮೈಸೂರು ಮತ್ತು ಕೊಡಗಿನ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಜಿಲ್ಲೆ, ತಾಲ್ಲೂಕುವಾರು ಸಿಗುತ್ತವೆ. ಮೊದಲ ಸಂಪುಟ ಬಂದದ್ದು 1886ರಲ್ಲಿ; ಚಿತ್ರದುರ್ಗದ್ದು 11ನೆಯದು, ತುಮಕೂರಿನದು 12ನೆಯದು. ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯ ತಂದಿದೆ. ಎಚ್ಚರ: ಹಳೆಯ ಮತ್ತು ಪರಿಷ್ಕೃತ ಆವೃತ್ತಿಗಳಲ್ಲಿ ಸಂಪುಟ ಸಂಖ್ಯೆಯೂ ಶಾಸನ ಸಂಖ್ಯೆಯೂ ಬೇರೆ. ಯಾವ ಆವೃತ್ತಿ ಎಂದು ಹೇಳದೆ ಸಂಖ್ಯೆ ಮಾತ್ರ ಕೊಟ್ಟರೆ ನಿಮ್ಮ ನಂತರ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಉತ್ತರ ಕರ್ನಾಟಕದ ಶಾಸನಗಳು ಕೇಂದ್ರ ಪುರಾತತ್ವ ಇಲಾಖೆಯ ದಕ್ಷಿಣ ಭಾರತೀಯ ಶಾಸನ ಸಂಪುಟಗಳಲ್ಲಿ ಹೆಚ್ಚಾಗಿವೆ. ಬೀದರ್, ಬಿಜಾಪುರ, ಮುದಗಲ್ಲುಗಳ ಪಾರಸಿ, ಅರಬ್ಬಿ ಬರಹಗಳಿಗೆ ಅದೇ ಇಲಾಖೆ ಬೇರೆ ಸಂಪುಟಗಳನ್ನು ತಂದಿದೆ. ಹಳೆಯ ಗ್ಯಾಸೆಟಿಯರ್ ಮತ್ತು ಶಾಸನ ಸಂಪುಟಗಳಲ್ಲಿ ಬಹಳಷ್ಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಹಂತ 3: ಹೆಸರಿನ ವಂಶಾವಳಿ ಮಾಡಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ನೋಟ್ ಪುಸ್ತಕದ ಒಂದು ಪುಟವನ್ನು ಹೆಸರಿಗೇ ಮೀಸಲಿಡಿ. ಹೆಸರು, ಅದು ಮೊದಲು ಕಂಡ ದಾಖಲೆ, ಆ ದಾಖಲೆಯ ಕಾಲ, ಅದು ಯಾವ ಭಾಷೆಯದು ಎಂದು ನಾಲ್ಕು ಕಲಂ ಹಾಕಿ.

ಹಳೆಯ ಶಾಸನಗಳಲ್ಲಿ ಇಂದಿನ ಹೆಸರು ಇರುವುದಿಲ್ಲ ಎಂದೇ ಹೊರಡಿ. ಚಿತ್ರದುರ್ಗ ಶಾಸನಗಳಲ್ಲಿ ಬೆಮ್ಮತ್ತನಕಲ್ಲು. ಪದದ ಮೊದಲ ‘ಪ’ಕಾರ ಕಾಲಕ್ರಮದಲ್ಲಿ ‘ಹ’ಕಾರವಾದದ್ದನ್ನೂ ನೆನಪಿಡಿ, ಪೊಂಬುಚ್ಚ ಹುಂಚವಾಯಿತು, ಪುಲಿಗೆರೆ ಹುಲಿಗೆರೆಯಾಯಿತು. ‘ಹ’ದಿಂದ ಆರಂಭವಾಗುವ ಊರಾದರೆ ಶಾಸನ ಸಂಪುಟದ ಸೂಚಿಯಲ್ಲಿ ‘ಪ’ ವಿಭಾಗವನ್ನೂ ತಿರುವಿ ಹಾಕಿ.

ಆಮೇಲೆ ಬರುತ್ತವೆ ಆಳಿದವರು ಇಟ್ಟ ಹೆಸರುಗಳು. ಕೆಳದಿ ಅರಸರ ಬಿದನೂರನ್ನು 1763ರಲ್ಲಿ ಗೆದ್ದ ಹೈದರ್ ಅಲಿ ಅದನ್ನು ಹೈದರ್‌ನಗರ ಎಂದ. ಇಂದು ಉಳಿದಿರುವುದು ಬರೀ ‘ನಗರ’. ಅದು ಹೊಸನಗರ ತಾಲ್ಲೂಕಿನಲ್ಲಿದೆ, ಆದರೆ ತಾಲ್ಲೂಕು ಕೇಂದ್ರವಾದ ಹೊಸನಗರ ಬೇರೆ ಊರು. ಕೋಟೆ ನೋಡಲು ಹೊಸನಗರದಲ್ಲಿ ಬಸ್ ಇಳಿದು ದಾರಿ ಕೇಳುವವರು ಈಗಲೂ ಇದ್ದಾರೆ. ಚಿತ್ರದುರ್ಗ ಮೈಸೂರಿನ ಸುಲ್ತಾನರ ಕಾಲದಲ್ಲಿ ಫರ್ರುಖ್‌ಯಾಬ್ ಹಿಸಾರ್, ಗುತ್ತಿ ಫೈಜ್ ಹಿಸಾರ್, ದೇವನಹಳ್ಳಿ ಯೂಸುಫಾಬಾದ್. ಹಿಸಾರ್ ಎಂದರೆ ಕೋಟೆ. ಮೊದಲ ಎರಡು ಹೆಸರುಗಳು ಟಿಪ್ಪುವಿನ ನಾಣ್ಯಗಳ ಮೇಲೆ ಟಂಕಸಾಲೆಯ ಹೆಸರಾಗಿಯೇ ಸಿಗುತ್ತವೆ, ಆದ್ದರಿಂದ ಅವುಗಳ ಬಗ್ಗೆ ಅನುಮಾನವಿಲ್ಲ. ಇಂತಹ ಹೆಸರುಗಳಲ್ಲಿ ಹೆಚ್ಚಿನವು 1799ರ ಬಳಿಕ ಕೈಬಿಟ್ಟುಹೋದವು. ಮಂಜರಾಬಾದ್, ಜಮಾಲಾಬಾದ್ ಉಳಿದವು.

ಮೂರನೆಯದು ಬಿಳಿಯರ ಕಾಗುಣಿತ. ಕಂಪನಿ ಸೈನ್ಯದ ವರದಿಗಳನ್ನು ಓದುವಾಗ ‘ಡ್ರೂಗ್’ ಎಂದರೆ ದುರ್ಗ, ‘ಘೆರ್ರಿ’ ಎಂದರೆ ಗಿರಿ ಅಥವಾ ಗೆರೆ, ‘ಪಟಾಮ್’ ಎಂದರೆ ಪಟ್ಟಣ ಎಂದು ಓದಿಕೊಳ್ಳಿ. ಮೊದಲ ‘ಹ’ಕಾರವನ್ನು ಅವರು ನುಂಗುತ್ತಿದ್ದರು. ಹೊನ್ನಾವರ ‘ಓನೋರ್’, ಹುತ್ರಿದುರ್ಗ ‘ಊಟ್ರಾಡ್ರೂಗ್’, ಹೊಸೂರು ‘ಊಸೂರ್’. ಪೋರ್ಚುಗೀಸರ ‘ಬಾರ್ಸೆಲೋರ್’ ನಮ್ಮ ಬಸರೂರು. ‘ಬೆಡ್ನೋರ್’ ಬಿದನೂರೇ ಹೊರತು ಬೀದರ್ ಅಲ್ಲ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಹಿಡಿದು, ಅದೇ ವರ್ಷ ಟಿಪ್ಪು ಮರಳಿ ಪಡೆದದ್ದು ಇದನ್ನು.

ಈಗ ಅವಳಿ ಹೆಸರುಗಳ ಬಲೆ. ಇದರಲ್ಲಿ ಪಳಗಿದವರೂ ಸಿಕ್ಕಿಬೀಳುತ್ತಾರೆ. ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಸೇನೆ ಗೆದ್ದಿತು. ಅದಕ್ಕೂ 36 ವರ್ಷ ಮೊದಲು, 1755ರಲ್ಲಿ, ಕೊಂಕಣ ಕರಾವಳಿಯ ಹರ್ಣೈ ಎದುರಿನ ಸುವರ್ಣದುರ್ಗವನ್ನು ಕಂಪನಿಯ ನೌಕಾಧಿಕಾರಿ ಕಮೊಡೋರ್ ಜೇಮ್ಸ್ ಮರಾಠಾ ನೌಕಾಪಡೆಯ ಆಂಗ್ರಿಯರಿಂದ ಕಿತ್ತುಕೊಂಡಿದ್ದ. ಇಂಗ್ಲಿಷ್ ಕಾಗದಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕಾಗುಣಿತದಲ್ಲಿ, ‘ಸೆವರ್ನ್‌ಡ್ರೂಗ್’ ಎಂದು ಕಾಣಿಸಿಕೊಳ್ಳುತ್ತವೆ. ಲಂಡನ್ನಿನ ಶೂಟರ್ಸ್ ಹಿಲ್‌ನಲ್ಲಿ ಇದೇ ಹೆಸರಿನ ಗೋಪುರವೊಂದಿದೆ. ಅದು ಜೇಮ್ಸ್‌ನ ನೆನಪಿಗೆ 1784ರಲ್ಲಿ ಕಟ್ಟಿದ್ದು, ಸುವರ್ಣದುರ್ಗಕ್ಕೆ ಸಂಬಂಧಿಸಿದ್ದು. ಸಾವನದುರ್ಗ ಕಂಪನಿಯ ಕೈಗೆ ಹೋಗುವ ಏಳು ವರ್ಷ ಮೊದಲೇ ಆ ಗೋಪುರ ನಿಂತಾಗಿತ್ತು. ‘ನಮ್ಮ ಸಾವನದುರ್ಗದ ಹೆಸರು ಲಂಡನ್ನಿನಲ್ಲಿ’ ಎಂಬ ಹೆಮ್ಮೆಯ ಸಾಲು ಇಸವಿ ನೋಡಿದ ಕೂಡಲೇ ಬಿದ್ದುಹೋಗುತ್ತದೆ.

ಇಂತಹವು ಇನ್ನೂ ಇವೆ. ಹೊಸದುರ್ಗ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು, ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಇನ್ನೊಂದು. ಎರಡನೆಯದರ ಕೋಟೆ ಕೆಳದಿ ನಾಯಕರದು. ಚಂದ್ರಗಿರಿ ಕೋಟೆ ಕಾಸರಗೋಡಿನಲ್ಲೂ ಇದೆ, ತಿರುಪತಿಯ ಬಳಿಯೂ ಇದೆ. ಕಿತ್ತೂರು ಎಂದರೆ ಚೆನ್ನಮ್ಮನ ಕಿತ್ತೂರು ಎಂದು ಓಡಬೇಡಿ. ಪುನ್ನಾಟರು ಎಂಬ ಪ್ರಾಚೀನ ಅರಸರ ರಾಜಧಾನಿ ಕೀರ್ತಿಪುರವಾಗಿದ್ದ ಕಿತ್ತೂರು ಹೆಗ್ಗಡದೇವನಕೋಟೆಯ ಕಡೆಯದು. ಹುತ್ರಿದುರ್ಗ ಮತ್ತು ಹುಲಿಯೂರುದುರ್ಗ ಒಂದೇ ತಾಲ್ಲೂಕಿನಲ್ಲಿ, ಕುಣಿಗಲ್‌ನಲ್ಲಿ, ಇರುವ ಬೇರೆ ಬೇರೆ ಬೆಟ್ಟಗಳು. ಜಲದುರ್ಗ ಎಂಬುದು ನೀರು ಸುತ್ತುವರಿದ ಕೋಟೆಗೆ ಜಾತಿವಾಚಕ. ಜೊತೆಗೆ ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುವಿನ ಒಂದು ನಿರ್ದಿಷ್ಟ ಜಾಗದ ಹೆಸರೂ ಹೌದು. ಹಳೆಯ ಪಠ್ಯದಲ್ಲಿ ‘ಜಲದುರ್ಗ’ ಎಂದು ಬಂದರೆ ಯಾವ ಅರ್ಥ ಎಂದು ಸಂದರ್ಭ ನೋಡಿ ಹೇಳಬೇಕು.

ಅವಳಿ ಹೆಸರುಗಳನ್ನು ಬಿಡಿಸಲು ಕಾಗುಣಿತ ನೆರವಾಗುವುದಿಲ್ಲ, ದಾರಿ ನೆರವಾಗುತ್ತದೆ. ಸೇನೆ ಹಿಂದಿನ ದಿನ ಎಲ್ಲಿ ಬೀಡುಬಿಟ್ಟಿತ್ತು, ಮರುದಿನ ಎಲ್ಲಿಗೆ ಹೋಯಿತು ಎಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟುಕೊಂಡು ಹೋಗಿ. ಫಿರಂಗಿ ಎಳೆಯುವ ಎತ್ತುಗಳ ಜೊತೆ ದಿನಕ್ಕೆ ನಲವತ್ತು ಕಿಲೋಮೀಟರ್ ನಡೆದಂತೆ ಲೆಕ್ಕ ಬಂದರೆ ನೀವು ಹಿಡಿದಿರುವುದು ತಪ್ಪು ಊರು.

ಹಂತ 4: ಕೋಟೆಯ ಭಾಗಗಳನ್ನು ಸರಿಯಾದ ಹೆಸರಿನಿಂದ ಕರೆಯಿರಿ

ದಾಖಲೆಗಳನ್ನು ಹೋಲಿಸಲು ಇದು ಬೇಕು. ಗೋಡೆಯಿಂದ ಮುಂದಕ್ಕೆ ಚಾಚಿದ ದುಂಡನೆಯ ಅಥವಾ ಚೌಕದ ಕಟ್ಟೆ ಕೊತ್ತಳ; ಉತ್ತರ ಕರ್ನಾಟಕದ ದಾಖಲೆಗಳಲ್ಲಿ ಬುರುಜು. ಸುತ್ತಲಿನ ಹಳ್ಳ ಕಂದಕ, ಹಲವೆಡೆ ಅಗಳು. ಗೋಡೆಯ ತುದಿಯ ಹಲ್ಲಿನಂತಹ ಸಾಲು ತೆನೆ. ಒಬ್ಬರೇ ನುಸುಳುವ ಚಿಕ್ಕ ಬಾಗಿಲು ದಿಡ್ಡಿ, ಮರೆಯಲ್ಲಿರುವುದು ಕಳ್ಳಗಂಡಿ. ಊರಿಗೆ ಊರೇ ಸುತ್ತಿದ ಗೋಡೆಯ ಬಾಗಿಲು ಅಗಸೆ. ಉತ್ತರ ಕರ್ನಾಟಕದ ಬಯಲಿನ ಹಳ್ಳಿಗಳಲ್ಲಿ ಒಂಟಿಯಾಗಿ ನಿಂತಿರುವ ಕಾವಲು ಗೋಪುರ ಹುಡೇವು. ದೇಸಾಯಿಯ ಭದ್ರವಾದ ಮನೆ ವಾಡೆ. ಹುಡೇವು, ವಾಡೆ ಎರಡನ್ನೂ ‘ಕೋಟೆ’ ಎಂದು ಬರೆದುಬಿಡುವುದರಿಂದಲೇ ಪಟ್ಟಿಗಳಲ್ಲಿ ಕೋಟೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ.

ಹಂತ 5: ‘ಕಟ್ಟಿದವರು’ ಎಂಬ ಮಾತನ್ನು ಒಡೆಯಿರಿ

ಯಾವ ಸುತ್ತು, ಯಾವ ಬಾಗಿಲು ಎಂದು ಕೇಳಿ. ರಾಯಚೂರು ಕೋಟೆ ಇದಕ್ಕೆ ಒಳ್ಳೆಯ ಪಾಠ. ಅದರ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ ಶಾಸನವಿದೆ. ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠಲನಾಥ ಕೋಟೆ ಕಟ್ಟಿಸಿದ ವಿಷಯ ಅದರಲ್ಲಿದೆ, ಕಾಲ 1294. ಇದು ಒಳಸುತ್ತಿಗೆ ಸಂಬಂಧಿಸಿದ ಆಧಾರ. ಹೊರಸುತ್ತು ಆದಿಲ್‌ಶಾಹಿಗಳ ಕಾಲದ್ದು. ‘ರಾಯಚೂರು ಕೋಟೆಯನ್ನು 1294ರಲ್ಲಿ ಕಟ್ಟಲಾಯಿತು’ ಎಂದು ಬರೆದು, ಪಕ್ಕದಲ್ಲಿ ಹೊರಗೋಡೆಯ ಚಿತ್ರ ಹಾಕಿದರೆ ಸಾಲೂ ಸರಿ, ಚಿತ್ರವೂ ಸರಿ, ಎರಡೂ ಸೇರಿದಾಗ ತಪ್ಪು.

ಶಾಸನ ಇದೆ ಎಂದ ಮಾತ್ರಕ್ಕೆ ಅದು ಆ ಗೋಡೆಯದೇ ಆಗಬೇಕಿಲ್ಲ. ಪಾಳುಬಿದ್ದ ದೇವಸ್ಥಾನದ ಕಲ್ಲುಗಳನ್ನು ಕೋಟೆಗೆ ಬಳಸಿದ್ದು ಎಲ್ಲೆಡೆ ಕಾಣುತ್ತದೆ. ಶಾಸನ ತಲೆಕೆಳಗಾಗಿದ್ದರೆ, ಅಂಚು ಕತ್ತರಿಸಿದ್ದರೆ, ಅದರಲ್ಲಿ ದಾನದ ವಿಷಯ ಮಾತ್ರ ಇದ್ದರೆ ಅದು ಬೇರೆಡೆಯಿಂದ ಬಂದ ಕಲ್ಲು. ಆಗ ಅದು ಹೇಳುವುದು ಇಷ್ಟೇ: ಗೋಡೆ ಈ ಶಾಸನಕ್ಕಿಂತ ಈಚಿನದು. ಚಲಿಸುವ ವಸ್ತುಗಳ ಮೇಲಿನ ಬರಹವಂತೂ ಇನ್ನೂ ಮೋಸ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಿಜಾಪುರ ಗೆದ್ದ ಔರಂಗಜೇಬನ ಬರಹವೂ ಅದೇ ತೋಪಿನ ಮೇಲಿದೆ. ಒಂದು ಎರಕದ ವರ್ಷ, ಇನ್ನೊಂದು ಗೆದ್ದ ವರ್ಷ. ತೋಪು ಕುಳಿತಿರುವ ಬುರುಜಿನ ಕಾಲವನ್ನು ಈ ಎರಡರಲ್ಲಿ ಯಾವುದೂ ಹೇಳುವುದಿಲ್ಲ.

ಶಾಸನವೇ ಇಲ್ಲದಿದ್ದರೆ ರಚನೆಯೇ ಸಾಕ್ಷಿ. ಸಕಲೇಶಪುರದ ಮಂಜರಾಬಾದ್ ಎಂಟು ಮೂಲೆಯ ನಕ್ಷತ್ರದಾಕಾರದ್ದು; ಫಿರಂಗಿಗಳ ಕಾಲದ ಐರೋಪ್ಯ ಮಾದರಿ ಅದು, ಟಿಪ್ಪು ಕಟ್ಟಿಸಿದ್ದು, 1792ರದ್ದು. ಗಾರೆಯಿಲ್ಲದೆ ದೊಡ್ಡ ಬಂಡೆಗಳನ್ನು ಜೋಡಿಸಿದ ಗೋಡೆಯ ಮೇಲೆ ಇಟ್ಟಿಗೆಯ ತೆನೆ, ಬಂದೂಕಿನ ಕಿಂಡಿ ಕಂಡರೆ ಮೇಲಿನದು ಸೇರ್ಪಡೆ ಎಂದು ಧಾರಾಳವಾಗಿ ಬರೆಯಬಹುದು. ಯಾರ ಸೇರ್ಪಡೆ ಎಂದು ಬರೆಯಲು ಮಾತ್ರ ಬೇರೆ ಆಧಾರ ಬೇಕು.

ಇನ್ನು ಮಿರ್ಜಾನ್‌ನಂತಹ ಕೋಟೆಗಳು. ಜನಪ್ರಿಯ ಬರಹಗಳು ಅದನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಕೊಡುತ್ತವೆ. ಬಿಜಾಪುರದ ಅಧಿಕಾರಿಗೆ ಕೊಡುವ ಬರಹಗಳೂ ಇವೆ. ಇಂತಲ್ಲಿ ನಿಮಗೆ ಇಷ್ಟವಾದವರನ್ನು ಆರಿಸಬೇಡಿ. ಎರಡನ್ನೂ ಬರೆದು, ಯಾವುದಕ್ಕೆ ಯಾವ ಆಧಾರ ಎಂದು ತಿಳಿಸಿ. ಓದುಗರು ಅಷ್ಟು ದಡ್ಡರಲ್ಲ.

ಹಂತ 6: ಇಸವಿಯನ್ನು ನೀವೇ ಲೆಕ್ಕ ಹಾಕಿ ನೋಡಿ

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ರಾಯಚೂರಿನ ಶಕ 1216 ಹೀಗೆ 1294 ಆಗುತ್ತದೆ. ತಿಥಿ ಪುಷ್ಯ ಬಹುಳದಿಂದ ಫಾಲ್ಗುಣದವರೆಗೆ ಬಂದಿದ್ದರೆ ಬಹುತೇಕ 79 ಕೂಡಿಸಬೇಕಾಗುತ್ತದೆ, ಏಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಅರಸನ ಹೆಸರಿಲ್ಲದೆ ಕಾಲ ಹೇಳಬೇಡಿ.

ಹಿಜರಿ ವರ್ಷ ಸುಮಾರು 354 ದಿನಗಳದ್ದು, ಆದ್ದರಿಂದ ಸ್ಥಿರವಾದ ಅಂಕಿಯನ್ನು ಕೂಡಿಸಿ ಪರಿವರ್ತಿಸಲಾಗದು. ಔರಂಗಜೇಬನ ಬರಹದ ಹಿಜರಿ 1097 ಎಂದರೆ 1685ರ ನವೆಂಬರ್ ಕೊನೆಯಿಂದ 1686ರ ನವೆಂಬರ್ ನಡುವಿನವರೆಗೆ. ತಿಂಗಳು ತಿಳಿಯದಿದ್ದರೆ ‘1685–86’ ಎಂದೇ ಬರೆಯಿರಿ. ಪಾರಸಿ ಬರಹಗಳಲ್ಲಿ ವರ್ಷವನ್ನು ಅಂಕಿಯಲ್ಲಿ ಕೊಡದೆ ಪದಗಳಲ್ಲಿ ಅಡಗಿಸುವುದುಂಟು. ಪ್ರತಿ ಅಕ್ಷರಕ್ಕೂ ಬೆಲೆ ಕಟ್ಟಿ ಕೂಡಿಸುವ ಈ ಪದ್ಧತಿಗೆ ಅಬ್ಜದ್ ಎನ್ನುತ್ತಾರೆ. ನಮ್ಮ ಶಾಸನಗಳಲ್ಲೂ ಕಣ್ಣು ಎಂದರೆ ಎರಡು, ವೇದ ಎಂದರೆ ನಾಲ್ಕು ಎನ್ನುವ ಭೂತಸಂಖ್ಯೆ ಇದೆ. ಅದನ್ನು ಹಿಂದಿನಿಂದ ಮುಂದಕ್ಕೆ ಓದಬೇಕು.

ಟಿಪ್ಪುವಿನದು ಇನ್ನೊಂದು ತಲೆನೋವು. 1787ರ ಸುಮಾರಿಗೆ ಅವನು ಮೌಲೂದಿ ಎಂಬ ಹೊಸ ಎಣಿಕೆ ತಂದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. ಅವನ ನಾಣ್ಯ ನೋಡಿ ‘5121ನೇ ಇಸವಿ’ ಎಂದು ಬೆರಗಾಗಬೇಡಿ, ಅದು ಮೌಲೂದಿ 1215.

ಹಂತ 7: ಅಳತೆ, ಸಂಖ್ಯೆ

ಬೇಗ ಮುಗಿಯುವ ಹಂತ. ಎತ್ತರ ಸಮುದ್ರಮಟ್ಟದಿಂದಲೋ ಬುಡದಿಂದಲೋ ಎಂದು ನೋಡಿ. ನಂದಿದುರ್ಗ 4,851 ಅಡಿ, ಅಂದರೆ ಸುಮಾರು 1,478 ಮೀಟರ್. ಸುತ್ತಲಿನ ಬಯಲೇ 900 ಮೀಟರ್ ಆಸುಪಾಸಿನಲ್ಲಿದೆ. ಸೈನಿಕರು ಹತ್ತಿದ್ದು ಆ ವ್ಯತ್ಯಾಸವನ್ನು ಮಾತ್ರ. ಚಿತ್ರದುರ್ಗಕ್ಕೆ 19 ಹೆಬ್ಬಾಗಿಲು, 38 ದಿಡ್ಡಿ, 35 ಕಳ್ಳಗಂಡಿ ಎಂಬ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಓಡಾಡುತ್ತಿದೆ. ಅದನ್ನು ಎತ್ತಿ ಬರೆಯುವುದಾದರೆ ‘ಎಂದು ಹೇಳಲಾಗುತ್ತದೆ’ ಎಂಬುದನ್ನು ಸೇರಿಸಿ; ನೀವೇ ಎಣಿಸಿದ್ದರೆ, ಯಾವುದನ್ನು ಬಾಗಿಲೆಂದು ಎಣಿಸಿದಿರಿ ಎಂದು ತಿಳಿಸಿ.

ಹಂತ 8: ಪ್ರತೀತಿಗೆ ಅದರದೇ ಜಾಗ ಕೊಡಿ

ಬಳ್ಳಾರಿ ಕೋಟೆಯ ಕಥೆ ನೀವು ಕೇಳಿರುತ್ತೀರಿ. ಹೈದರ್ ಅಲಿ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಕೋಟೆಯನ್ನು ಬಲಪಡಿಸಿದ. ಮುಗಿದ ಮೇಲೆ ಎದುರಿನ ಕುಂಬಾರಗುಡ್ಡ ಇದಕ್ಕಿಂತ ಎತ್ತರ ಎಂದು ತಿಳಿದು, ಸಿಟ್ಟಿನಿಂದ ಇಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದ. ಈ ಕಥೆಯಲ್ಲಿ ಪರಿಶೀಲಿಸಬಹುದಾದದ್ದು ಒಂದೇ, ಗುಡ್ಡದ ಎತ್ತರ. ನಕ್ಷೆಯ ಸಮೋನ್ನತಿ ರೇಖೆಗಳಲ್ಲಿ, ಅಂದರೆ ಒಂದೇ ಎತ್ತರದ ಬಿಂದುಗಳನ್ನು ಜೋಡಿಸುವ ಗೆರೆಗಳಲ್ಲಿ, ಅದನ್ನು ನೋಡಿಕೊಳ್ಳಿ. ಉಳಿದದ್ದು ಪ್ರತೀತಿ. ಹಳೆಯ ಬರಹಗಳು ‘ಎಂಬ ಕಥೆಯಿದೆ’ ಎಂದು ಮುಗಿಸಿದ್ದನ್ನು, ಈಚಿನ ಬರಹಗಳು ಆ ಎರಡು ಪದ ಬಿಟ್ಟು ನಕಲು ಮಾಡುತ್ತವೆ. ಹೆಚ್ಚಿನ ತಪ್ಪುಗಳು ಹುಟ್ಟುವುದು ಹೀಗೆಯೇ. ಯಾರೂ ಸುಳ್ಳು ಹೇಳಿರುವುದಿಲ್ಲ.

ಪ್ರತೀತಿಯನ್ನು ಬಿಸಾಡಬೇಕೆಂದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಯ ಸರ್ವೇಯರ್ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರು ಸುತ್ತಿ ಬರೆಸಿಕೊಂಡ ಕೈಫಿಯತ್ತುಗಳು, ಅಂದರೆ ಊರಿನವರ ಹೇಳಿಕೆಯ ದಾಖಲೆಗಳು, ಕನ್ನಡದಲ್ಲಿ ಅಚ್ಚಾಗಿವೆ. ಇಂದು ಹಿರಿಯರು ಹೇಳುವ ಕಥೆ ಅಲ್ಲಿಯೂ ಇದ್ದರೆ ಅದಕ್ಕೆ ಇನ್ನೂರು ವರ್ಷದ ವಯಸ್ಸಿದೆ ಎಂದಾಯಿತು. ಇಲ್ಲದಿದ್ದರೆ ಸಿನಿಮಾದಿಂದ ಬಂದಿರಬಹುದೇ ಎಂದೂ ವಿಚಾರಿಸಿ. ಇನ್ನು ಪ್ರತಿ ಕೋಟೆಯಿಂದಲೂ ಶ್ರೀರಂಗಪಟ್ಟಣಕ್ಕೆ ಹೋಗುವ ಸುರಂಗ: ಕಳ್ಳಗಂಡಿಯೋ, ನೀರು ಹರಿಯುವ ತೂಬೋ, ಮದ್ದಿನ ಮನೆಯೋ ಎಂದು ಮೊದಲು ನೋಡಿ. ಒಳಗೆ ನುಗ್ಗಬೇಡಿ. ಹಾವು, ಕುಸಿತ, ಬಾವಲಿ ಮೂರೂ ಪ್ರತೀತಿಗಳಲ್ಲ.

ಹಂತ 9: ದಾಖಲಿಸುವ ಕ್ರಮ

ಪ್ರತಿ ಸಂಗತಿಯ ಮುಂದೆ ‘ಖಚಿತ’, ‘ಸಂಭವ’, ‘ಪ್ರತೀತಿ’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಬೆಳ್ತಂಗಡಿ ತಾಲ್ಲೂಕಿನ ಗಡಾಯಿಕಲ್ಲನ್ನು ತೆಗೆದುಕೊಂಡರೆ ನಮೂದು ಹೀಗಿರುತ್ತದೆ:

ಇಂದಿನ ಬಳಕೆಯ ಹೆಸರು: ಗಡಾಯಿಕಲ್ಲು. ಇತರ ಹೆಸರುಗಳು: ನರಸಿಂಹಗಡ, ಜಮಾಲಾಬಾದ್. ತಾಲ್ಲೂಕು, ಜಿಲ್ಲೆ: ಬೆಳ್ತಂಗಡಿ, ದಕ್ಷಿಣ ಕನ್ನಡ. 1956ಕ್ಕೆ ಮೊದಲು: ಮದರಾಸು. ಇಂದಿನ ಕೋಟೆ: ಟಿಪ್ಪು ಸುಲ್ತಾನ್, 1794, ಖಚಿತ. ಕಂಪನಿಯ ವಶಕ್ಕೆ: 1799, ಖಚಿತ. ಜಮಾಲಾಬಾದ್ ಹೆಸರು ಟಿಪ್ಪುವಿನ ತಾಯಿಯದು ಎಂಬುದು: ಪ್ರತೀತಿ. ಮೆಟ್ಟಿಲುಗಳು 1,876 ಎಂಬುದು: ಪ್ರತೀತಿ, ಎಣಿಸಿಲ್ಲ. ಪ್ರವೇಶ: ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿ, ಅರಣ್ಯ ಇಲಾಖೆಯ ಅನುಮತಿ ಬೇಕು.

ಹೀಗೆ ಬರೆದಾಗ ಯಾರಾದರೂ ಒಂದು ಸಾಲನ್ನು ತಿದ್ದಿದರೆ ಉಳಿದವು ಅಲುಗುವುದಿಲ್ಲ.

ಸ್ಥಳದಲ್ಲಿ ಕೆಲವು ನಿಯಮಗಳು. ಶಾಸನದ ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಎಣ್ಣೆ, ವಿಭೂತಿ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದರೆ ಸಾಕು, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಮಣ್ಣು ಕೆದಕಬೇಡಿ. ಕಾವಲಿಲ್ಲದ ಕೋಟೆಯಲ್ಲಿ ಹೊಸ ಶಾಸನವೋ ನೆಲಮಾಳಿಗೆಯೋ ಕಂಡರೆ ಅದರ ನಿಖರ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನಿಧಿ ಅಗೆಯುವವರು ನಮ್ಮ ನಿಮ್ಮ ಬರಹಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಾರೆ.

ಹಂತ 10: ಫಲಕದಲ್ಲೇ ತಪ್ಪಿದ್ದರೆ

ಮೊದಲು ಕೋಟೆ ಯಾರ ಸುಪರ್ದಿಯಲ್ಲಿದೆ ಎಂದು ತಿಳಿಯಿರಿ. ಚಿತ್ರದುರ್ಗದಂತಹವು ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣಕ್ಕೆ ಸೇರಿವೆ. ಅದರ ವಲಯ ಕಚೇರಿಗಳು ಬೆಂಗಳೂರು, ಧಾರವಾಡ ಮತ್ತು ಹಂಪಿಯಲ್ಲಿವೆ. ರಾಜ್ಯ ಸಂರಕ್ಷಿತ ಸ್ಮಾರಕಗಳು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವು. ಅದರ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಎರಡೂ ಪಟ್ಟಿಯಲ್ಲಿ ಇಲ್ಲದ ಕೋಟೆಗಳೂ ಬೇಕಾದಷ್ಟಿವೆ. ಅಲ್ಲಿನ ಫಲಕ ಗ್ರಾಮ ಪಂಚಾಯಿತಿಯದೋ ಪ್ರವಾಸೋದ್ಯಮ ಇಲಾಖೆಯದೋ ಆಗಿರುತ್ತದೆ. ಯಾವ ಪಟ್ಟಿಯಲ್ಲಿದೆ ಎಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ ಅಧಿಸೂಚನೆಯ ಪ್ರತಿ ಕೇಳಿ. ಆ ಪ್ರತಿಯಲ್ಲಿ ಸ್ಮಾರಕದ ಹೆಸರಿನ ಜೊತೆ ಸರ್ವೆ ನಂಬರ್ ಇದ್ದರೆ, ಮೊದಲ ಹಂತದಲ್ಲಿ ನೀವು ಬರೆದುಕೊಂಡದ್ದಕ್ಕೆ ತಾಳೆ ನೋಡಿ.

ಅರ್ಜಿ ಒಂದು ಪುಟ ಮೀರದಿರಲಿ. ಫಲಕದ ಚಿತ್ರ, ತಪ್ಪಿರುವ ಸಾಲು, ಸರಿಯಾದ ಸಾಲು, ಆಧಾರ ಗ್ರಂಥದ ಪುಟದ ನಕಲು, ಇಷ್ಟು ಸಾಕು. ಒಂದು ಅರ್ಜಿಗೆ ಒಂದೇ ತಪ್ಪು. ಹತ್ತು ತಪ್ಪುಗಳನ್ನು ಪಟ್ಟಿ ಮಾಡಿ ಕಳುಹಿಸಿದರೆ ಅದರಲ್ಲಿ ಚರ್ಚೆಗೆ ಅವಕಾಶವಿರುವ ಒಂದನ್ನು ಹಿಡಿದು ಇಡೀ ಕಡತವನ್ನು ಪಕ್ಕಕ್ಕಿಡುತ್ತಾರೆ. ಸ್ವೀಕೃತಿ ಸಂಖ್ಯೆ ಪಡೆದುಕೊಳ್ಳಿ, ಮೂರು ತಿಂಗಳ ನಂತರ ಅದೇ ಸಂಖ್ಯೆ ನಮೂದಿಸಿ ಮತ್ತೊಮ್ಮೆ ಬರೆಯಿರಿ.